ಇಲ್ಲಿ ರಾತ್ರೀನೇ ಆಗಲ್ಲ: ಐಸಿಯು ರೋಗಿಯ ನಿದ್ದೆಯ ಲೆಕ್ಕ ಇಡೋರು ಯಾರು?

"ನಾಲೆಗೆ ನೀರ್ ಬುಟ್ಟವ್ರೆ. ನನ್ ಕೈ ಯಾಕ್ಲಾ ಕಟ್ಟಾಕಿದ್ದೀರಿ?"

ಐಸಿಯು ಸೇರಿದ ನಾಲ್ಕನೇ ಬೆಳಿಗ್ಗೆ ದೊಡ್ಡಪ್ಪ ನನ್ನನ್ನು ಕೇಳಿದ್ದು ಇದು. ಪಾಂಡವಪುರ ತಾಲ್ಲೂಕಿನವರು. ಗದ್ದೆಗೆ ವಿ.ಸಿ. ನಾಲೆ ನೀರು, ತೋಟಕ್ಕೆ ಬೋರ್‌ವೆಲ್. ವಯಸ್ಸು ಎಪ್ಪತ್ತು ದಾಟಿದೆ. ನ್ಯುಮೋನಿಯಾ ಆಗಿ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಇಳಿದಿತ್ತು ಅಂತ ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಮೂರನೇ ರಾತ್ರಿ ಆಕ್ಸಿಜನ್ ಮಾಸ್ಕ್ ಕಿತ್ತುಹಾಕಿ, ಡ್ರಿಪ್ ಎಳೆದುಕೊಂಡು, ಮಂಚದಿಂದ ಇಳಿಯೋಕೆ ಹೋಗಿದ್ದರಂತೆ. ಅದಕ್ಕೇ ಎರಡೂ ಮಣಿಕಟ್ಟಿಗೆ ಗಾಜ್ ಬಟ್ಟೆ ಸುತ್ತಿ ಮಂಚದ ಕಂಬಿಗೆ ಕಟ್ಟಿದ್ದರು.

"ರಾತ್ರಿಯೆಲ್ಲ ಮೋಟ್ರು ಕೂಗ್ತಾನೇ ಇತ್ತು. ನೀರಿಲ್ದೆ ಓಡ್ತಾ ಅದೆ. ಒಬ್ರಾದ್ರೂ ಆಫ್ ಮಾಡ್ಬಾರ್ದಾ?" ಅಂದರು. ಯಾವ ಮೋಟ್ರು ಅಂತ ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಅವರ ತಲೆಯ ಹತ್ತಿರ ಇದ್ದ, ಔಷಧಿಯನ್ನು ಸ್ವಲ್ಪಸ್ವಲ್ಪವಾಗಿ ಮೈಗೆ ಬಿಡೋ ಇನ್ಫ್ಯೂಷನ್ ಪಂಪ್ ಕೂಗತೊಡಗಿತು. ಸಿರಿಂಜಿನಲ್ಲಿ ಔಷಧಿ ಮುಗಿದಿತ್ತು. ತ್ರೀ ಫೇಸ್ ಕರೆಂಟ್ ರಾತ್ರಿ ಒಂದಕ್ಕೆ ಬರುತ್ತೋ ಮೂರಕ್ಕೆ ಬರುತ್ತೋ ಅಂತ ನಲವತ್ತು ವರ್ಷ ಒಂದು ಕಿವಿ ತೆರೆದೇ ಮಲಗಿದ ಮನುಷ್ಯ ಅವರು. ಯಂತ್ರ ಕೂಗಿದರೆ ಅವರ ಪಾಲಿಗೆ ಎದ್ದು ಹೋಗಬೇಕು ಅಂತಲೇ ಅರ್ಥ.

ಡ್ಯೂಟಿ ಡಾಕ್ಟರು ಸಮಾಧಾನ ಹೇಳಿದರು. "ಐಸಿಯು ಡಿಲಿರಿಯಮ್ ಇದು. ನಿದ್ದೆ ಇಲ್ವಲ್ಲ, ಹಂಗಾಗುತ್ತೆ. ವಾರ್ಡಿಗೆ ಹೋದ್ರೆ ಸರಿಹೋಗ್ತಾರೆ." ಡಿಲಿರಿಯಮ್ ಅಂದರೆ ಕಾಯಿಲೆಯ ನಡುವೆ ಬುದ್ಧಿ ಗಲಿಬಿಲಿಯಾಗಿ, ಎಲ್ಲಿದ್ದೀನಿ ಏನಾಗ್ತಿದೆ ಅಂತ ತಿಳಿಯದೆ ಹೋಗೋದು. ಡಾಕ್ಟರ ಮಾತು ನಿಜವೂ ಆಯಿತು. ಆದರೆ "ಹಂಗಾಗುತ್ತೆ" ಅನ್ನೋ ಪದ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಓದುತ್ತಾ ಹೋದಂತೆ ಗೊತ್ತಾಗಿದ್ದು ಏನಂದರೆ, ಹಂಗೆ ಆಗೋದರಲ್ಲಿ ಕಾಯಿಲೆಯ ಪಾಲು ದೊಡ್ಡದು ಹೌದು, ಆದರೆ ಆಸ್ಪತ್ರೆಯ ಟೈಮ್ ಟೇಬಲ್ ಪಾಲೂ ಸಣ್ಣದಲ್ಲ.

ಮೊದಲು ಐಸಿಯು ನಿದ್ದೆ ಹೇಗಿರುತ್ತೆ ನೋಡೋಣ. ರೋಗಿಗಳು ನಿದ್ದೆಯನ್ನೇ ಮಾಡಲ್ಲ ಅಂತೇನಿಲ್ಲ. ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆಗಳನ್ನು ಅಳೆದು ನೋಡಿದ್ದಾರೆ. 24 ಗಂಟೆಯ ಲೆಕ್ಕ ಹಾಕಿದರೆ ಎಷ್ಟೋ ರೋಗಿಗಳ ನಿದ್ದೆ ಮಾಮೂಲಿಗೆ ಹತ್ತಿರವೇ ಬರುತ್ತೆ. ತೊಂದರೆ ಏನಂದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹಗಲಲ್ಲೇ ಆಗಿಹೋಗಿರುತ್ತೆ, ಉಳಿದಿದ್ದು ಚೂರುಚೂರು. ನಮ್ಮ ನಿದ್ದೆಯ ಒಂದು ಸುತ್ತು ಮುಗಿಯೋಕೆ ಸುಮಾರು 90 ನಿಮಿಷ ಬೇಕು. ಮೊದಲು ತೆಳು ನಿದ್ದೆ, ಆಮೇಲೆ ಗಾಢ ನಿದ್ದೆ, ಆಮೇಲೆ ಕನಸು ಬೀಳೋ ಹಂತ. ಐಸಿಯು ರೋಗಿ ಮೊದಲ ಮೆಟ್ಟಿಲಲ್ಲೇ ಹತ್ತಿ ಇಳಿದು ಮಾಡುತ್ತಾ ಇರುತ್ತಾನೆ. ಗಾಢ ನಿದ್ದೆಯೂ ಕನಸಿನ ಹಂತವೂ ತೀರಾ ಕಮ್ಮಿ. ಕಣ್ಣು ಮುಚ್ಚಿರುತ್ತೆ, ದಣಿವು ಆರಿರಲ್ಲ.

ನಿದ್ದೆಗೆಟ್ಟರೆ ಆರೋಗ್ಯವಂತರಿಗೇ ಸಕ್ಕರೆ ಅಂಶದ ಹತೋಟಿ ತಪ್ಪುತ್ತೆ, ಉಸಿರಾಟದ ಸ್ನಾಯುಗಳು ಬೇಗ ಸೋಲುತ್ತವೆ. ವೆಂಟಿಲೇಟರಿನಿಂದ ಹೊರಗೆ ಬರಲು ಒದ್ದಾಡುತ್ತಿರುವ ರೋಗಿಗೆ ಇದು ಎಷ್ಟು ಮುಖ್ಯ ಅಂತ ಯೋಚಿಸಿ. ಡಿಲಿರಿಯಮ್ ವಿಷಯ ಸ್ವಲ್ಪ ಜಟಿಲ. ನಿದ್ದೆಗೆಟ್ಟಿದ್ದಕ್ಕೇ ಡಿಲಿರಿಯಮ್ ಬರುತ್ತೆ ಅಂತ ಸಾಬೀತಾಗಿಲ್ಲ. ಎರಡೂ ಜೊತೆಜೊತೆಗೇ ಇರುತ್ತವೆ, ಒಂದು ಇನ್ನೊಂದನ್ನು ಎಳೆದು ತರುತ್ತಿರಬಹುದು, ಅಷ್ಟೇ. ಡಿಲಿರಿಯಮ್ ಆದವರು ಆಸ್ಪತ್ರೆಯಲ್ಲಿ ಜಾಸ್ತಿ ದಿನ ಉಳಿಯುತ್ತಾರೆ, ಕೆಲವರಿಗೆ ಮನೆಗೆ ಹೋದ ಮೇಲೂ ತಿಂಗಳುಗಟ್ಟಲೆ ಮರೆವು ಕಾಡುತ್ತೆ. ಇದು ಮಾತ್ರ ಖಚಿತ.

ದೊಡ್ಡಪ್ಪನ ಮಂಚದ ಕಾಲ ಬಳಿ ಬೆಡ್‌ಶೀಟಿನಷ್ಟಗಲದ ಒಂದು ಚಾರ್ಟ್ ಇತ್ತು. ಗಂಟೆಗೊಂದು ಮನೆ. ನಾಡಿ, ಬಿಪಿ, ಸ್ಯಾಚುರೇಶನ್, ಜ್ವರ, ಸಕ್ಕರೆ. ಮೂತ್ರ ಎಷ್ಟು ಎಂ.ಎಲ್. ಹೋಯಿತು ಅಂತ ರಾತ್ರಿ ಎರಡು ಗಂಟೆಯದ್ದೂ ಇತ್ತು, ಮೂರರದ್ದೂ ಇತ್ತು. ಎಷ್ಟು ಗಂಟೆ ಮಲಗಿದರು ಅನ್ನೋದಕ್ಕೆ ಮನೆಯೇ ಇರಲಿಲ್ಲ. ನನ್ನ ವಾದ ಇಷ್ಟೇ. ಲೆಕ್ಕ ಇಲ್ಲದ್ದಕ್ಕೆ ಹೊಣೆ ಹೊರೋರೂ ಇರಲ್ಲ. ಮೂತ್ರ ಕಮ್ಮಿಯಾದರೆ ರೌಂಡ್ಸಿನಲ್ಲಿ ಯಾರಾದರೂ ಬೈಸಿಕೊಳ್ಳುತ್ತಾರೆ. ನಿದ್ದೆ ಕಮ್ಮಿಯಾದರೆ ಯಾರೂ ಕೇಳಲ್ಲ.

ಶಬ್ದದಿಂದ ಶುರು ಮಾಡೋಣ, ಯಾಕಂದರೆ ಎಲ್ಲರೂ ಬೆರಳು ತೋರಿಸೋದು ಅದರ ಕಡೆಗೇ. ಆಸ್ಪತ್ರೆಯ ವಾರ್ಡಿನಲ್ಲಿ ಶಬ್ದ ಸರಾಸರಿ 30 ಡೆಸಿಬಲ್ ದಾಟಬಾರದು, ರಾತ್ರಿ ಒಮ್ಮೊಮ್ಮೆ ಏರಿದರೂ 40 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿತ್ತು. ಬೇರೆ ಬೇರೆ ದೇಶಗಳ ಐಸಿಯುಗಳಲ್ಲಿ ಅಳೆದಾಗ ಸಾಮಾನ್ಯವಾಗಿ 50ರಿಂದ 60 ಬರುತ್ತೆ, ನಡುನಡುವೆ 80 ದಾಟುತ್ತೆ. 10 ಡೆಸಿಬಲ್ ಏರಿದರೆ ಕಿವಿಗೆ ಶಬ್ದ ಸುಮಾರು ಎರಡು ಪಟ್ಟು ಅನಿಸುತ್ತೆ. ಹಾಗಾಗಿ 30ಕ್ಕೂ 60ಕ್ಕೂ ಇರೋ ಅಂತರ ಎರಡು ಪಟ್ಟಲ್ಲ, ಎಂಟು ಪಟ್ಟು.

ತಮಾಷೆ ನೋಡಿ. ನಮ್ಮ ದೇಶದಲ್ಲಿ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಇದೆ. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅಲ್ಲಿ 40 ಡೆಸಿಬಲ್ ಮೀರುವಂತಿಲ್ಲ. ಹಾರ್ನ್ ಮಾಡಬೇಡಿ ಅನ್ನೋ ಬೋರ್ಡು ಗೇಟಿನ ಹೊರಗೆ ಇರುತ್ತೆ. ಗೇಟಿನ ಒಳಗೆ ಸ್ಟೀಲ್ ಟ್ರೇ ಬೀಳುತ್ತೆ, ಟ್ರಾಲಿಯ ಚಕ್ರ ಕಿರುಗುಟ್ಟುತ್ತೆ, ಯಾರದೋ ಫೋನಿನಲ್ಲಿ ಹಾಡು ಶುರುವಾಗುತ್ತೆ, "ಆರನೇ ಬೆಡ್ ಕಡೆಯೋರು ಯಾರ್ರೀ?" ಅಂತ ಬಾಗಿಲಲ್ಲೇ ಕೂಗು ಕೇಳುತ್ತೆ. ಶಬ್ದವನ್ನೂ ಕಿವಿಯನ್ನೂ 1965ರಿಂದ ಅಭ್ಯಾಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಡೆಸಿಬಲ್ ಮೀಟರ್ ಹಿಡಿದು ಊರಿನ ಐಸಿಯುಗಳಲ್ಲಿ ಒಂದೊಂದು ರಾತ್ರಿ ಕೂತರೆ ಮೈಸೂರಿನದ್ದೇ ಲೆಕ್ಕ ಕೈಗೆ ಸಿಗುತ್ತೆ. ಕೇಳಬೇಕಷ್ಟೆ.

ಇನ್ನು ಅಲಾರಂ. ಇದು ಜೀವ ಉಳಿಸೋ ಶಬ್ದ, ಸುಮ್ನೆ ಆಫ್ ಮಾಡಿ ಅನ್ನೋಕಾಗಲ್ಲ. ಆದರೆ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯವರು ತಮ್ಮ ಐದು ಐಸಿಯುಗಳ ಅಲಾರಂಗಳನ್ನು 31 ದಿನ ಎಣಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕ ಗಾಬರಿ ಹುಟ್ಟಿಸುತ್ತೆ. ಪರದೆಯ ಮೇಲೆ ಮಾತ್ರ ಬಂದಿದ್ದೂ ಸೇರಿ ಒಟ್ಟು 25 ಲಕ್ಷಕ್ಕೂ ಜಾಸ್ತಿ. ಕಿವಿಗೆ ಕೇಳಿದ್ದು ಒಂದು ಬೆಡ್ಡಿಗೆ ದಿನಕ್ಕೆ 187. ಎದೆಬಡಿತ ಏರುಪೇರಾಗಿದೆ ಅಂತ ಕೂಗಿದ ಅಲಾರಂಗಳಲ್ಲಿ ತಜ್ಞರು ಕೂತು ನೋಡಿದವುಗಳ ಪೈಕಿ 88.8 ಶೇಕಡಾ ಸುಳ್ಳು. ರೋಗಿ ಕೈ ಆಡಿಸಿದ, ಎದೆಗೆ ಅಂಟಿಸಿದ ಪಟ್ಟಿ ಸಡಿಲವಾಯಿತು, ಯಂತ್ರ ಕೂಗಿತು. ತೋಳ ಬಂತು ತೋಳ ಅಂತ ದಿನವಿಡೀ ಕೂಗಿದರೆ ಸಿಸ್ಟರುಗಳ ಕಿವಿಯೂ ಮರಗಟ್ಟುತ್ತೆ. ರೋಗಿಗೆ ತಕ್ಕಂತೆ ಮಿತಿ ಹೊಂದಿಸಿ, ಎದೆಯ ಪಟ್ಟಿ ದಿನಾ ಬದಲಿಸಿ, ಸಿರಿಂಜ್ ಖಾಲಿಯಾಗೋ ಮೊದಲೇ ಇನ್ನೊಂದು ತಯಾರಿಟ್ಟರೆ ಅರ್ಧ ಗಲಾಟೆ ತಾನಾಗೇ ಇಳಿಯುತ್ತೆ ಅನ್ನೋದು ನನ್ನ ಅಂದಾಜು.

ಇಲ್ಲಿ ನಾನೂ ಒಂದು ಕಡೆ ಎಡವಿದೆ. ಎಲ್ಲಾ ತಪ್ಪೂ ಶಬ್ದದ್ದೇ ಅಂತ ಅಂದುಕೊಂಡಿದ್ದೆ. ಕೆನಡಾದ ಟೊರಾಂಟೊದಲ್ಲಿ ನಡೆದ, 2003ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದೇ ಹೇಳುತ್ತೆ. ವೆಂಟಿಲೇಟರ್ ಮೇಲಿದ್ದ ರೋಗಿಗಳು ಎಚ್ಚರಗೊಂಡ ಸಲಗಳಲ್ಲಿ ಶಬ್ದ ಮತ್ತು ಆರೈಕೆ ಎರಡೂ ಸೇರಿ ಕಾರಣವಾಗಿದ್ದು ಶೇಕಡಾ 30ಕ್ಕಿಂತ ಕಮ್ಮಿ. ಆರೋಗ್ಯವಂತರನ್ನು ಕರೆತಂದು ಅದೇ ಐಸಿಯುನಲ್ಲಿ ಮಲಗಿಸಿದರು. ಆ ಗಲಾಟೆಯಲ್ಲೂ ಅವರು ಮಟ್ಟಸವಾಗಿ ನಿದ್ದೆ ಮಾಡಿದರು. ದಸರಾ ಜಾತ್ರೆಯಲ್ಲಿ ಮಗು ಹೆಗಲ ಮೇಲೆ ಗೊರಕೆ ಹೊಡೆಯಲ್ವಾ, ಹಾಗೆ. ಅಂದರೆ ನೋವು, ಜ್ವರ, ಸೋಂಕು, ಉಸಿರುಕಟ್ಟು, ಹೆದರಿಕೆ, ಔಷಧಿಗಳು, ಇವೆಲ್ಲ ರೋಗಿಯನ್ನು ಒಳಗಿನಿಂದಲೇ ಎಬ್ಬಿಸುತ್ತಿರುತ್ತವೆ. ವೆಂಟಿಲೇಟರಿನ ಸೆಟ್ಟಿಂಗ್ ಕೂಡ ಲೆಕ್ಕಕ್ಕೆ ಬರುತ್ತೆ. ರೋಗಿಯೇ ಉಸಿರು ಎಳೆದರೆ ಮಾತ್ರ ಯಂತ್ರ ಕೈಜೋಡಿಸೋ ವಿಧಾನದಲ್ಲಿ ಕೆಲವರ ಉಸಿರು ನಿದ್ದೆಯಲ್ಲಿ ತುಸು ನಿಂತುಬಿಡುತ್ತೆ, ತಕ್ಷಣ ಎಚ್ಚರ. ಅದಕ್ಕೇ ರಾತ್ರಿ ಹೊತ್ತು ಉಸಿರಿನ ಕೆಲಸವನ್ನು ಯಂತ್ರವೇ ಜಾಸ್ತಿ ಹೊರಲಿ ಅಂತ ಅಮೆರಿಕದ ಕ್ರಿಟಿಕಲ್ ಕೇರ್ ವೈದ್ಯರ ಸಂಘ 2018ರ ಮಾರ್ಗಸೂಚಿಯಲ್ಲಿ ಸಲಹೆ ಕೊಟ್ಟಿದೆ. ಐಸಿಯು ನಿದ್ದೆಗೇ ಒಂದು ಅಧ್ಯಾಯ ಮೀಸಲಿಟ್ಟ ಮಾರ್ಗಸೂಚಿ ಅದು.

ಹಾಗಂತ ಆ 30 ಶೇಕಡಾ ಬಿಟ್ಟುಬಿಡೋಣ ಅಂತಲ್ಲ. ಕಾಯಿಲೆ ನಮ್ಮ ಕೈಯಲ್ಲಿಲ್ಲ, ಗಡಿಯಾರ ನಮ್ಮ ಕೈಯಲ್ಲಿದೆ.

ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕ ಇದೆ. ನಾಲ್ಕು ಐಸಿಯುಗಳ 147 ರಾತ್ರಿಗಳ ದಾಖಲೆ ತೆಗೆದು ನೋಡಿದರು. ಸಂಜೆ ಏಳರಿಂದ ಬೆಳಿಗ್ಗೆ ಏಳರೊಳಗೆ ಒಬ್ಬ ರೋಗಿಯ ಹತ್ತಿರ ಏನಾದರೊಂದು ಕೆಲಸಕ್ಕೆ ಬಂದಿದ್ದು ಸರಾಸರಿ 42 ಸಲಕ್ಕೂ ಜಾಸ್ತಿ. ಯಾರೂ ಮುಟ್ಟದೆ ಎರಡು ಮೂರು ಗಂಟೆ ಬಿಟ್ಟ ಉದಾಹರಣೆ ಅಷ್ಟೂ ರಾತ್ರಿಗಳಲ್ಲಿ ಸಿಕ್ಕಿದ್ದು ಬರೀ ಒಂಬತ್ತು. ದಿನನಿತ್ಯದ ಮೈ ಒರೆಸೋ ಕೆಲಸದಲ್ಲಿ 62 ಶೇಕಡಾ ನಡೆದಿದ್ದು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ನಡುವೆ.

ಇದನ್ನು ಓದಿದಾಗ ನನಗೆ ನಗು ಬಂತು. ಯಾಕಂದರೆ ದೊಡ್ಡಪ್ಪನಿಗೂ ಬೆಳಗಿನ ಜಾವ ನಾಲ್ಕೂವರೆಗೆ ಸ್ಪಾಂಜ್ ಬಾತ್ ಆಗುತ್ತಿತ್ತು. ಡಿಸೆಂಬರ್ ತಿಂಗಳು, ಎಸಿ ಬೇರೆ. "ಧನುರ್ಮಾಸದ ಸ್ನಾನ ಇಲ್ಲೂ ಬುಡಲ್ಲ ಇವ್ರು" ಅಂತ ಆಮೇಲೆ ಹೇಳಿಕೊಂಡು ನಗಾಡಿದರು. ಆಗ ಮಾತ್ರ ನಕ್ಕಿರಲಿಲ್ಲ.

ನಾಲ್ಕೂವರೆಗೇ ಯಾಕೆ? ಸಿಸ್ಟರುಗಳಿಗೆ ರೋಗಿಯ ಮೇಲೆ ಹಗೆ ಏನಿಲ್ಲ. ಎಂಟಕ್ಕೆ ಶಿಫ್ಟ್ ಬದಲಾಗುತ್ತೆ. ಅಷ್ಟರೊಳಗೆ ಮೈ ಒರೆಸಿ, ಬೆಡ್‌ಶೀಟ್ ಬದಲಿಸಿ, ರಕ್ತ ತೆಗೆದು ಲ್ಯಾಬಿಗೆ ಕಳಿಸಿ, ಎಕ್ಸ್‌ರೇ ಮುಗಿಸಿ ಇಡಬೇಕು. ಒಂಬತ್ತರ ರೌಂಡ್ಸಿಗೆ ದೊಡ್ಡ ಡಾಕ್ಟರು ಬಂದಾಗ ರಿಪೋರ್ಟ್ ಕೈಯಲ್ಲಿರಬೇಕು, ಬೆಡ್ ಚೊಕ್ಕವಾಗಿ ಕಾಣಬೇಕು. ಒಬ್ಬ ಸಿಸ್ಟರ್ ಕೈಯಲ್ಲಿ ಮೂರು ನಾಲ್ಕು ಬೆಡ್ ಇದ್ದರೆ ಕೊನೆಯ ರೋಗಿಗೆ ಏಳಕ್ಕೆ ಮುಗಿಸಬೇಕು ಅಂದರೆ ಮೊದಲನೆಯವರಿಗೆ ನಾಲ್ಕಕ್ಕೆ ಶುರು ಮಾಡಲೇಬೇಕು. ಲೆಕ್ಕ ಸರಿಯಾಗಿಯೇ ಇದೆ. ಅದರಲ್ಲಿ ರೋಗಿಯ ನಿದ್ದೆ ಮಾತ್ರ ಇಲ್ಲ. ಇದು ಸಿಸ್ಟರ್ ಒಬ್ಬರೇ ಬದಲಿಸೋ ಮಾತಲ್ಲ. ಲ್ಯಾಬು, ಎಕ್ಸ್‌ರೇ, ರೌಂಡ್ಸಿನ ಸಮಯ ಎಲ್ಲವನ್ನೂ ತುಸು ಜರುಗಿಸಬೇಕು. ಮೇಲಿನವರು ಕೂತು ತೀರ್ಮಾನ ಮಾಡಬೇಕಾದ್ದು.

ಇಷ್ಟಕ್ಕೂ ಎಲ್ಲರನ್ನೂ ಮುಟ್ಟದೆ ಬಿಡಿ ಅನ್ನೋಕಾಗಲ್ಲ. ಬಿಪಿ ಕುಸಿಯುತ್ತಿರುವವರು, ಗಂಟಲಲ್ಲಿ ಕಟ್ಟಿದ ಕಫವನ್ನು ಯಂತ್ರದಿಂದ ಹೀರಿ ತೆಗೆಯಬೇಕಾದವರು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಲೇಬೇಕಾದವರು ಇರುತ್ತಾರೆ. ಅಂಥವರಿಗೆ ನಿದ್ದೆಗಿಂತ ಜೀವ ದೊಡ್ಡದು. ಆದರೆ ಚೇತರಿಸಿಕೊಳ್ಳುತ್ತಿರುವ, ನಾಳೆಯೋ ನಾಡಿದ್ದೋ ವಾರ್ಡಿಗೆ ಹೋಗೋ ರೋಗಿಗೂ ಅದೇ ಗಂಟೆಗೊಮ್ಮೆ ಎಬ್ಬಿಸೋ ಪದ್ಧತಿ ಯಾಕೆ? ನಾಡಿ, ಬಿಪಿ, ಸ್ಯಾಚುರೇಶನ್ ಮಾನಿಟರ್ ತಾನೇ ಬರೆದುಕೊಳ್ಳುತ್ತೆ. ಹನ್ನೊಂದಕ್ಕೆ ಇಂಜೆಕ್ಷನ್, ಸಕ್ಕರೆ ಪರೀಕ್ಷೆ, ಮಗ್ಗುಲು ಎಲ್ಲ ಒಟ್ಟಿಗೆ ಮುಗಿಸಿ ಮೂರರವರೆಗೆ ಬಿಟ್ಟರೆ ಎರಡು ಸುತ್ತು ನಿದ್ದೆಗಾದರೂ ಜಾಗ ಸಿಗುತ್ತೆ.

ಹೀಗೆ ಮಾಡಿ ನೋಡಿದವರೂ ಇದ್ದಾರೆ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು ಒಂದು ಐಸಿಯುನಲ್ಲಿ ರಾತ್ರಿ ದೀಪ ಇಳಿಸಿದರು, ಮೈಕಿನಲ್ಲಿ ಕರೆಯೋದು ಕಮ್ಮಿ ಮಾಡಿದರು, ಕೆಲಸಗಳನ್ನು ಒಟ್ಟು ಮಾಡಿದರು. ಬೇಕಾದವರಿಗೆ ಇಯರ್‌ಪ್ಲಗ್, ಕಣ್ಣುಪಟ್ಟಿ ಕೊಟ್ಟರು. ಸುಮಾರು 300 ರೋಗಿಗಳ ಲೆಕ್ಕ 2013ರಲ್ಲಿ ಬಂತು. ಡಿಲಿರಿಯಮ್ ಗಣನೀಯವಾಗಿ ಕಮ್ಮಿಯಾಗಿತ್ತು. ವಿಚಿತ್ರ ಅಂದರೆ ನಿದ್ದೆ ಹೇಗಿತ್ತು ಅಂತ ರೋಗಿಗಳನ್ನೇ ಕೇಳಿದಾಗ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ 136 ರೋಗಿಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬರೀ ಇಯರ್‌ಪ್ಲಗ್ಗಿನಿಂದಲೇ ಗಲಿಬಿಲಿ ಕಮ್ಮಿಯಾಗಿತ್ತು, ಮೊದಲ ರಾತ್ರಿಯ ನಿದ್ದೆಯೂ ಮೇಲು ಅಂದಿದ್ದರು. ಮೆತ್ತನೆ ಫೋಮಿನ ಒಂದು ಜೊತೆಗೆ ಎಷ್ಟಾಗುತ್ತೆ? ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ಇಡ್ಲಿ ವಡೆ ತಿಂದಷ್ಟೂ ಇಲ್ಲ. ನಮ್ಮೂರ ಕಡೆ ಕಿವಿಗೆ ಹತ್ತಿ ತುರುಕುತ್ತಾರೆ, ಅದು ಅಷ್ಟಾಗಿ ಶಬ್ದ ತಡೆಯಲ್ಲ. ಆದರೆ ಮೊದಲೇ ಕಿವಿ ಮಂದ ಇರೋರಿಗೆ, ಏನಾಗುತ್ತಿದೆ ಅಂತ ತಿಳಿಯದೆ ಕಂಗಾಲಾದವರಿಗೆ ಕಿವಿ ಮುಚ್ಚಿದರೆ ದಿಗಿಲು ಜಾಸ್ತಿಯಾಗಬಹುದು. ಕೇಳಿಯೇ ಹಾಕಬೇಕು.

"ಒಂದು ನಿದ್ದೆ ಮಾತ್ರೆ ಕೊಟ್ಟುಬಿಡಿ ಡಾಕ್ಟ್ರೇ" ಅಂತ ನಾನೂ ಕೇಳಿದ್ದೆ. ಕೊಡಲ್ಲ ಅಂದಾಗ ಕೋಪವೂ ಬಂದಿತ್ತು. ಅವರು ಹೇಳಿದ್ದೇ ಸರಿ. ಮಂಪರು ಬೇರೆ, ನಿದ್ದೆ ಬೇರೆ. ಮಿಡಜೋಲಂ, ಲೊರಜೆಪಾಂ ಗುಂಪಿನ ಔಷಧಿ ಕೊಟ್ಟರೆ ಕಣ್ಣು ಮುಚ್ಚುತ್ತೆ, ಮೆದುಳಿಗೆ ಗಾಢ ನಿದ್ದೆ ಸಿಗಲ್ಲ, ಡಿಲಿರಿಯಮ್ ಅಪಾಯ ಏರುತ್ತೆ. ನಿದ್ದೆಗೋಸ್ಕರ ಪ್ರೊಪೊಫಾಲ್ ಅನ್ನೋ ಅರಿವಳಿಕೆ ಔಷಧಿ ಬೇಡ ಅಂತ 2018ರ ಮಾರ್ಗಸೂಚಿಯೂ ಹೇಳುತ್ತೆ. ಮೆಲಟೋನಿನ್ ಬಗ್ಗೆ ಬಹಳ ಆಸೆ ಇತ್ತು, ಕತ್ತಲಾದಾಗ ನಮ್ಮ ಮೈಯೇ ಮಾಡಿಕೊಳ್ಳೋ ಹಾರ್ಮೋನ್ ಅದು. ಆಸ್ಟ್ರೇಲಿಯಾದ 12 ಐಸಿಯುಗಳಲ್ಲಿ 850 ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ 4 ಮಿಲಿಗ್ರಾಂ ಕೊಟ್ಟವರಿಗೂ ಕೊಡದವರಿಗೂ ಡಿಲಿರಿಯಮ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಆ ಫಲಿತಾಂಶ ಬಂತು. ಮಾತ್ರೆಯಲ್ಲಿ ಅಡ್ಡದಾರಿ ಸಿಕ್ಕಿಲ್ಲ.

ಬೆಳಕಿನ ಮಾತು ಇನ್ನೂ ಸರಳ. ಐಸಿಯುನಲ್ಲಿ ಹಗಲೂ ಮಬ್ಬು, ರಾತ್ರಿಯೂ ಟ್ಯೂಬ್‌ಲೈಟು. ಮೈಗೆ ಯಾವುದು ಯಾವ ಹೊತ್ತು ಅಂತ ಗೊತ್ತಾಗಬೇಕು ತಾನೇ? "ಇಲ್ಲಿ ರಾತ್ರೀನೇ ಆಗಲ್ಲ ಕಣ್ಲಾ" ಅಂತ ದೊಡ್ಡಪ್ಪ ಅಂದಿದ್ದು ಅದಕ್ಕೇ. ಬೆಳಿಗ್ಗೆ ಕಿಟಕಿಯ ಪರದೆ ಸರಿಸೋದು, ಕಾಣೋ ಹಾಗೆ ಗಡಿಯಾರ ಹಾಕೋದು, ಕನ್ನಡಕ ಮತ್ತು ಕಿವಿಯ ಮೆಷಿನ್ ಹಗಲಲ್ಲಿ ವಾಪಸ್ ಕೊಡೋದು. ದೊಡ್ಡಪ್ಪನ ಕನ್ನಡಕ ನಾಲ್ಕು ದಿನ ನನ್ನ ಬ್ಯಾಗಿನಲ್ಲೇ ಇತ್ತು.

ಅಂದಮೇಲೆ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಬೆಂಗಳೂರಿನಿಂದ ಬಂದ ನಮ್ಮ ಭಾವ ರಾತ್ರಿ ಹತ್ತೂವರೆಗೆ ಸೆಕ್ಯೂರಿಟಿಯವರನ್ನು ಕಾಡಿ ಬೇಡಿ ಒಳಗೆ ಹೋಗಿ, "ಮಾವ, ಯಾರ್ ಬಂದಿದೀನಿ ಹೇಳಿ ನೋಡೋಣ" ಅಂತ ಭುಜ ಅಲುಗಿಸಿ ಎಬ್ಬಿಸಿದರು. ಪ್ರೀತಿಯೇ, ಅನುಮಾನ ಇಲ್ಲ. ಹಗಲಲ್ಲಾದರೆ ಔಷಧಿಗಿಂತ ಒಳ್ಳೆಯದು ಅದು. ಮನೆಯವರು ಬಂದು, ಇವತ್ತು ಯಾವ ವಾರ, ಹಸು ಕರು ಹಾಕ್ತು, ಭತ್ತ ಒಕ್ಕಣೆ ಆಯ್ತು ಅಂತ ಮಾತಾಡುತ್ತಾ ಎಚ್ಚರ ಇಟ್ಟರೆ ರಾತ್ರಿ ನಿದ್ದೆ ಬರೋಕೆ ಅನುಕೂಲ. ಒಂಬತ್ತಾದ ಮೇಲೆ ಮಾತ್ರ ಬೇಡ.

ಏಳನೇ ರಾತ್ರಿ ಡ್ಯೂಟಿಗೆ ಬಂದ ಸಿಸ್ಟರ್, ಮಂಡ್ಯ ಕಡೆಯವರೇ, ಬೇರೆ ಥರ ಇದ್ದರು. ಹತ್ತೂವರೆಗೆ ಕೆಲಸವೆಲ್ಲ ಮುಗಿಸಿ ದೊಡ್ಡಪ್ಪನ ಬೆಡ್ ಮೇಲಿನ ಲೈಟ್ ಆರಿಸಿ, ನಡುವಿನ ಪರದೆ ಎಳೆದರು. ಪಂಪಿನ ಸಿರಿಂಜ್ ಮೊದಲೇ ಬದಲಿಸಿದರು. ಹತ್ತಿರ ಬಗ್ಗಿ, "ಅಜ್ಜಾ, ಮೋಟ್ರು ನಾನು ನೋಡ್ಕೋತೀನಿ, ನೀವು ಮನಿಕ್ಕೊಳಿ" ಅಂದರಂತೆ. ಮೈ ಒರೆಸಿದ್ದು ಆರೂವರೆಗೆ. ದೊಡ್ಡಪ್ಪ ಹನ್ನೊಂದರಿಂದ ಮೂರರವರೆಗೆ ಮಲಗಿದ್ದರು ಅಂತ ಬೆಳಿಗ್ಗೆ ಸಿಸ್ಟರೇ ಹೇಳಿದರು. ಅಷ್ಟೊತ್ತಿಗೆ ಜ್ವರವೂ ಇಳಿದಿತ್ತು, ಹಾಗಾಗಿ ಲೈಟ್ ಆರಿಸಿದ್ದೇ ಕಾರಣ ಅಂತ ನಾನು ಹೇಳೋಕೆ ಬರಲ್ಲ.

ನಿದ್ದೆ ಅಳೆಯೋಕೆ ತಂತಿ, ಯಂತ್ರವೇ ಬೇಕಂತಿಲ್ಲ. ರಿಚರ್ಡ್ಸ್ ಕ್ಯಾಂಪ್‌ಬೆಲ್ ಅನ್ನೋ ಹೆಸರಿನ ಐದು ಪ್ರಶ್ನೆಗಳ ಪಟ್ಟಿ ಇದೆ. ನಿದ್ದೆ ಎಷ್ಟು ಗಾಢ, ಎಷ್ಟು ಬೇಗ ಹತ್ತಿತು, ಎಷ್ಟು ಸಲ ಎಚ್ಚರವಾಯಿತು, ಎಚ್ಚರವಾದರೆ ಮತ್ತೆ ಹತ್ತಿತಾ, ಒಟ್ಟಾರೆ ಹೇಗಿತ್ತು. ಪ್ರತಿಯೊಂದಕ್ಕೂ ನೂರಕ್ಕೆ ಎಷ್ಟು ಅಂತ ರೋಗಿಯೇ ಗುರುತು ಹಾಕಬೇಕು. ಎರಡು ನಿಮಿಷದ ಕೆಲಸ. ರೋಗಿಯ ಬದಲು ನರ್ಸ್ ತುಂಬಿದರೆ ಅಂಕ ಜಾಸ್ತಿ ಬೀಳುತ್ತೆ ಅನ್ನೋದನ್ನೂ ಕಂಡುಕೊಂಡಿದ್ದಾರೆ. ಕಣ್ಣು ಮುಚ್ಚಿದ್ದನ್ನು ನಿದ್ದೆ ಅಂತ ಎಣಿಸೋದು ಸಹಜ ತಾನೇ. ಆ ಐದು ಸಾಲನ್ನು ಕನ್ನಡದಲ್ಲಿ ಬರೆದು, ಮೂತ್ರದ ಲೆಕ್ಕದ ಕೆಳಗೆ ಒಂದು ಮನೆ ಮಾಡಿದರೆ ರೌಂಡ್ಸಿನಲ್ಲಿ ಅದನ್ನೂ ಕೇಳಲೇಬೇಕಾಗುತ್ತೆ.

ಯುಗಾದಿಗೆ ಊರಿಗೆ ಹೋದಾಗ ದೊಡ್ಡಪ್ಪನಿಗೆ ಆ ಐದೂ ಪ್ರಶ್ನೆ ಕೇಳಿದೆ. ಜಗುಲಿ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ನೂರಕ್ಕೆ ಎಷ್ಟು ಕೊಡ್ತೀರಿ ಅಂದೆ.

"ಆ ಸಿಸ್ಟರಮ್ಮ ಲೈಟ್ ಆರಿಸಿದ್ ರಾತ್ರಿಗೆ ಅರವತ್ ಹಾಕ್ಕೋ," ಅಂದರು. "ಮಿಕ್ಕಿದ್ದಕ್ಕೆ ಏನ್ಲಾ ಕೊಡೋದು, ಅವು ರಾತ್ರಿ ಆಗಿದ್ರೆ ತಾನೇ?"